ಬೆಳಗಿನ ಗಿರಾಕಿ

ಆ ಬೀದಿಯ ಮದ್ಯದಂಗಡಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವನನ್ನು ಎಲ್ಲರೂ ತಾರೀಕಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮೀಸೆ ಪೂರ್ತಿ ಬಲಿಯದ ಯಾವನೇ ಬಂದು ಕಿಟಕಿಯ ಮುಂದೆ ನಿಂತರೂ ಇವನ ಮೊದಲ ಪ್ರಶ್ನೆ ಒಂದೇ: "ಹುಟ್ಟಿದ ತಾರೀಕು?"

ಇಪ್ಪತ್ತೊಂದು ತುಂಬದವರಿಗೆ ಮಾರಾಟವಿಲ್ಲ ಎಂಬ ಬೋರ್ಡನ್ನು ಕಿಟಕಿಯ ಮೇಲೆ ಬರೆದವನೂ ಇವನೇ, ಎರಡು ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಹೊಡೆಯುವವನೂ ಇವನೇ. ಕಾರ್ಡು ತೋರಿಸಿದರೆ ಅದರ ಕಡೆ ಅರ್ಧ ಕಣ್ಣು ಹಾಕಿ, ಆಮೇಲೆ ಮೆಲ್ಲಗೆ, "ತಮ್ಮನೋ ತಂಗಿಯೋ ಇದ್ದಾರಾ? ನಿನಗಿಂತ ಎಷ್ಟು ವರ್ಷ ಚಿಕ್ಕೋರು? ಈಗ ಎಷ್ಟನೇ ಕ್ಲಾಸು?" ಎಂದು ವಿಚಾರಿಸುತ್ತಿದ್ದ. ಸುಳ್ಳು ಕಾರ್ಡಿನವನು ತನ್ನ ತಾರೀಕನ್ನು ಕಂಠಪಾಠ ಮಾಡಿಕೊಂಡು ಬಂದಿರುತ್ತಾನೆಯೇ ಹೊರತು ತಮ್ಮನದನ್ನಲ್ಲ. ತಡವರಿಸಿ, ತಲೆ ಕೆರೆದುಕೊಂಡು, ಕೊನೆಗೆ ಹಲ್ಲುಗಿಂಜಿ ಜಾಗ ಖಾಲಿ ಮಾಡುತ್ತಿದ್ದ. ತನ್ನ ಕೈಯಿಂದ ಒಂದೇ ಒಂದು ಎಳೆಯ ಜೀವಕ್ಕೂ ಬಾಟಲಿ ಹೋಗಿಲ್ಲ ಎಂಬ ಹೆಮ್ಮೆ ತಾರೀಕಪ್ಪನಿಗೆ ಬೇಕಾದಷ್ಟಿತ್ತು. ಆ ಹೆಮ್ಮೆಯನ್ನು ಅವನು ಮನೆಯಲ್ಲಿ ಊಟದ ಜೊತೆ ದಿನಾ ಬಡಿಸುತ್ತಿದ್ದುದರಿಂದ ಮನೆಯವರಿಗೆ ಅದು ಸಾಕುಸಾಕಾಗಿತ್ತು.

ಅಂಗಡಿ ಹತ್ತಕ್ಕೆ ತೆರೆಯುತ್ತಿತ್ತು. ಒಂಬತ್ತೂ ಮುಕ್ಕಾಲಿಗೇ ಐದಾರು ಜನ ಗೋಡೆಗೆ ಒರಗಿ ಕಾಯುತ್ತಿರುತ್ತಿದ್ದರು. ಇವರು ಬೆಳಗಿನ ಗಿರಾಕಿಗಳು. ಕ್ಷೌರದಂಗಡಿಯವನೊಬ್ಬ, ಕೆಲಸ ಕಳೆದುಕೊಂಡ ಡ್ರೈವರೊಬ್ಬ, ಪಿಂಚಣಿಯ ಮೇಷ್ಟ್ರೊಬ್ಬರು. ಇವರನ್ನು ತಾರೀಕು ಕೇಳುವ ಪ್ರಮೇಯವೇ ಇರಲಿಲ್ಲ, ಮುಖದ ತುಂಬ ಅದೇ ಬರೆದಿತ್ತು. ಇವರಿಗೆ ಬೇರೆಯದೇ ಒಂದು ತೊಂದರೆ. ಬೆಳಗಿನ ಮೊದಲ ಗುಟುಕು ಒಳಗೆ ಹೋಗುವ ತನಕ ಕೈ ನಡುಗುವುದು ನಿಲ್ಲದು. ಕೈ ನಡುಗುತ್ತಿರುವ ತನಕ ಬಾಟಲಿಯ ಮುಚ್ಚಳ ತಿರುಗದು. ಹಾಗಾಗಿ ತಾರೀಕಪ್ಪನೇ ಮುಚ್ಚಳವನ್ನು ಕಟಕ್ಕೆಂದು ಮುರಿದು, ಸಡಿಲ ಮಾಡಿ ಕೊಡುತ್ತಿದ್ದ. ಯಾರೂ ಕೇಳಬೇಕಾಗಿರಲಿಲ್ಲ. ಹಲ್ಲಲ್ಲಿ ಕಚ್ಚಿ ತೆಗೆಯಲು ಹೋಗಿ ಮೇಷ್ಟ್ರು ಒಮ್ಮೆ ತುಟಿ ಸೀಳಿಕೊಂಡ ಮೇಲೆ ಶುರುವಾದ ಅಭ್ಯಾಸ ಅದು. ಪಾಪದ್ದೋ ಪುಣ್ಯದ್ದೋ ಎಂದು ಅವನು ಯೋಚಿಸಿರಲಿಲ್ಲ, ಕೈ ತಾನಾಗಿ ಮಾಡುತ್ತಿತ್ತು.

ಮನೆ ಅಂಗಡಿಯಿಂದ ಮೂರು ಬೀದಿ ಆಚೆ. ಎರಡು ಕೋಣೆ, ಒಂದು ಅಡುಗೆಮನೆ. ಹೆಂಡತಿ ಲಾಂಡ್ರಿಯೊಂದಕ್ಕೆ ಮನೆಯಲ್ಲೇ ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಮಂಚ, ಕುರ್ಚಿ, ಬಾಗಿಲು ಎಲ್ಲದರ ಮೇಲೂ ಯಾರ್ಯಾರದೋ ಅಂಗಿಗಳು. ಮಗಳು ದರ್ಜಿಯ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸ ಮಾಡುತ್ತಿದ್ದಳು. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಮಗ, ಹತ್ತೊಂಬತ್ತರವನು, ಮೊಬೈಲ್ ರಿಪೇರಿ ಕಲಿತು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ತಾರೀಕಪ್ಪನ ತಾಯಿ ಕಿಟಕಿಯ ಬಳಿಯ ಮಂಚದಲ್ಲಿ ಕೂತು ಎಲ್ಲರ ಮಾತಿಗೂ ಒಗ್ಗರಣೆ ಹಾಕುತ್ತಿದ್ದಳು.

ತಾರೀಕಪ್ಪ ಮನೆಗೆ ಕಾಲಿಟ್ಟ ಕೂಡಲೇ ಅವಳು ಮೂಗು ಮುಚ್ಚಿಕೊಳ್ಳುವುದು ದಿನದ ಪಾಠ. "ಬಂತಪ್ಪ ನಮ್ಮ ಪೀಪಾಯಿ! ಅಂಗಿ ಬಿಚ್ಚಿ ಹೊರಗಡೆ ಹಾಕೋ."

"ಒಂದು ತೊಟ್ಟು ಕುಡ್ದೋನಲ್ಲಮ್ಮ ನಾನು. ಮಾರೋದಷ್ಟೇ."

"ಕುಡಿದಿದ್ರೂ ಇಷ್ಟು ನಾರ್ತಿರ್ಲಿಲ್ಲ ನೀನು."

ಮಾತು ನಿಜ. ಒಡೆದ ಬಾಟಲಿ, ಸೋರಿದ ಪೆಟ್ಟಿಗೆ, ಒರೆಸಿದ ಬಟ್ಟೆ, ಎಲ್ಲದರ ವಾಸನೆ ಅವನ ಅಂಗಿಗೆ ಹತ್ತಿ ಮನೆಯ ಪರದೆಗಳಿಗೂ ಇಳಿದಿತ್ತು. ಅವನ ಮೂಗಂತೂ ಎಂದೋ ಸತ್ತು ಹೋಗಿತ್ತು. ಆ ಮನೆಯಲ್ಲಿ ಮದ್ಯದ ವಾಸನೆ ಬಂದರೆ ಅದು ತಾರೀಕಪ್ಪನದೇ ಎಂದು ಎಲ್ಲರೂ ತಿಳಿಯುತ್ತಿದ್ದರು. ಎಲ್ಲರಿಗಿಂತ ಮೊದಲು ತಾರೀಕಪ್ಪನೇ ಹಾಗೆ ತಿಳಿಯುತ್ತಿದ್ದ.

ಆ ತಿಂಗಳು ಟಿವಿಯಲ್ಲಿ ಅದೊಂದೇ ಗಲಾಟೆ. ಕುಡಿಯುವ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸುವ ಮಸೂದೆ ಬಂದಿತ್ತು. ಕೋಟು ಹಾಕಿದವರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಅರಚುತ್ತಿದ್ದರು. ತಾರೀಕಪ್ಪ ತಟ್ಟೆಯ ಮುಂದೆ ಕೂತು ಅವರಿಗೆಲ್ಲ ಉತ್ತರ ಕೊಡುತ್ತಿದ್ದ.

"ಇವರನ್ನೆಲ್ಲ ತಂದು ಒಂದು ವಾರ ನನ್ನ ಕೌಂಟರಲ್ಲಿ ಕೂರಿಸ್ಬೇಕು. ಹದಿನೆಂಟು ಅಂದ್ರೆ ಏನು? ಇನ್ನೂ ಅಮ್ಮ ತಟ್ಟೆಗೆ ಬಡಿಸ್ಬೇಕು ಅಂತಾವೆ."

"ಹದಿನೆಂಟಕ್ಕೆ ಓಟು ಹಾಕ್ಬೋದು, ಗಾಡಿ ಓಡಿಸ್ಬೋದು, ಗನ್ ಹಿಡ್ಕೊಂಡು ಸಾಯ್ಲಿಕ್ಕೂ ಹೋಗ್ಬೋದು," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ. "ಒಂದು ಗ್ಲಾಸ್ ಕುಡಿಯೋಕೆ ಮಾತ್ರ ಮಗು."

"ಹೌದು, ಮಗೂನೇ. ಕಾನೂನು ಹಂಗೇ ಹೇಳುತ್ತೆ."

"ಕಾನೂನು ಇಳ್ದ್ರೆ?"

"ಇಳಿಯಲ್ಲ."

"ಇಳಿದ್ರೆ ಅಂತ ಕೇಳ್ದೆ."

"ನನಗೆ ಹದಿನೆಂಟಾದಾಗ ನಿಮ್ಮಪ್ಪ ಕಂಕುಳಲ್ಲಿದ್ದ," ಎಂದಳು ಅಜ್ಜಿ ಮಂಚದಿಂದ. "ಆವಾಗ ಯಾರೂ ಕಾರ್ಡ್ ಕೇಳ್ಲಿಲ್ಲ ನೋಡು."

ಮಗಳು ಕಿಸಕ್ಕನೆ ನಕ್ಕಳು. ಮಗ ನಗಲಿಲ್ಲ. "ನೀನು ಕೊಡಲ್ಲ ಅಂತ ಯಾರೂ ಬಿಟ್ಟಿಲ್ಲಪ್ಪ. ದೊಡ್ಡೋರ ಕೈಲಿ ತರ್ಸ್ಕೋತಾರೆ. ಸೇತುವೆ ಕೆಳಗೆ ನಿಂತ್ಕೊಂಡು, ಯಾರಾದ್ರೂ ಬರೋದ್ರೊಳಗೆ ಅಂತ ಒಂದೇ ಉಸಿರಿಗೆ ಇಳಿಸ್ತಾರೆ. ಕೂತು ಕುಡಿದಿದ್ರೆ ಅರ್ಧಕ್ಕೇ ಸಾಕಾಗ್ತಿತ್ತೇನೋ."

"ನಿನಗೆ ಹೆಂಗೆ ಗೊತ್ತು ಇದೆಲ್ಲ?"

"ಫ್ರೆಂಡ್ಸ್ ಹೇಳ್ತಾರೆ."

"ಅಂಥ ಫ್ರೆಂಡ್ಸ್ ಸಹವಾಸ ಬಿಡು."

ಆಗ ಹೆಂಡತಿ, ಅನ್ನದ ಪಾತ್ರೆಯನ್ನು ಒಳಗೆ ಒಯ್ಯುತ್ತಿದ್ದವಳು, ಬಾಗಿಲಲ್ಲಿ ನಿಂತು, "ಮಾಡೋದಾದ್ರೆ ಬೇಗ ಮಾಡ್ಲಿ," ಎಂದಳು.

ತಾರೀಕಪ್ಪನ ತುತ್ತು ಅರ್ಧದಲ್ಲೇ ನಿಂತಿತು. "ಏನಂದೆ?"

"ಹದಿನೆಂಟೋ ಇಪ್ಪತ್ತೊಂದೋ, ಒಂದು ತೀರ್ಮಾನ ಮಾಡ್ಲಿ ಅಂದೆ. ದಿನಾ ಕೇಳಿ ಕೇಳಿ ತಲೆನೋವು." ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿಯೇ ಕೇಳಿಸಿತು.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಏನೇನೋ ಚಿಲ್ಲರೆ ವಿಷಯಗಳು ನಡೆದವು. ಒಂದೊಂದಕ್ಕೂ ತಾರೀಕಪ್ಪ ಒಂದೊಂದು ಸಲ ರೇಗಿ ಸುಮ್ಮನಾದ.

ಮಗ ಮೊಬೈಲ್ ಅಂಗಡಿ ಬಿಟ್ಟ. "ಓನರ್ ಸರಿ ಇಲ್ಲ" ಎಂದ. ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಕಣ್ಣುಮುಚ್ಚಿ ಕೂರಿಸುವ ಕೈ ಇವನದು ಎಂದು ಅದೇ ಓನರ್ ಆರು ತಿಂಗಳ ಹಿಂದೆ ಬೀದಿಯಲ್ಲಿ ನಿಲ್ಲಿಸಿ ಹೊಗಳಿದ್ದ. ತಾರೀಕಪ್ಪ ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ. ಓನರ್ ದೊಡ್ಡ ಬಾಯಿಯ ಮನುಷ್ಯ, ಜಗಳ ಆಡಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡ.

ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಹೆಂಡತಿ ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದುದು ಕಣ್ಣಿಗೆ ಬಿತ್ತು.

"ಇದೇನೇ ಇದು? ಹತ್ತೊಂಬತ್ತು ವರ್ಷದ ಕೋಣಂಗೆ ಗುಂಡಿ ಹಾಕ್ತಾ ಇದ್ದೀಯಾ? ನಾಳೆ ತೊಟ್ಟಿಲಲ್ಲಿ ಮಲಗ್ಸು."

"ಇಸ್ತ್ರಿ ಈಗಷ್ಟೇ ಹಾಕಿದೀನಿ, ಮುದುರುತ್ತೆ ಅಂತ," ಎಂದಳು ಹೆಂಡತಿ. ಮಗ ಕನ್ನಡಿಯಲ್ಲಿ ಕೂಡ ಅಪ್ಪನನ್ನು ನೋಡಲಿಲ್ಲ.

ಒಂದು ವಾರದೊಳಗೆ ಮಗನ ಅಂಗಿಗಳಿಗೆಲ್ಲ ಗುಂಡಿ ಹೋಗಿ ಟಿಚ್ ಬಟನ್ ಬಂದವು. ಒತ್ತಿದರೆ ಸಾಕು, ಕೂತುಕೊಳ್ಳುವಂಥವು. ಹೊಲಿದವಳು ಮಗಳು.

"ಎಳೆ ಮಗು ಜುಬ್ಬದ ಹಂಗಿದೆಯಲ್ಲೇ."

"ಈಗ ಇದೇ ಫ್ಯಾಷನ್ನು," ಎಂದಳು ಮಗಳು, ಹಲ್ಲಿನಲ್ಲಿ ದಾರ ಕಡಿಯುತ್ತ. ದಾರ ಕಡಿದ ಮೇಲೂ ಅವಳು ಏನನ್ನೋ ಕಚ್ಚಿಕೊಂಡೇ ಇದ್ದಳು.

ಹೆಂಡತಿ ದಿನಕ್ಕೆ ಮೂರು ಸಲ ಮಗನಿಗೆ ಸ್ಟೀಲಿನ ಲೋಟದಲ್ಲಿ ಕಷಾಯ ಕೊಡುತ್ತಿದ್ದಳು. ಲವಂಗ ಕುಟ್ಟಿ ಹಾಕಿದ್ದು, ಹೊಟ್ಟೆಗೆ ಒಳ್ಳೆಯದು ಎನ್ನುತ್ತಿದ್ದಳು. "ನನಗೂ ಸ್ವಲ್ಪ ಕೊಡೇ" ಎಂದು ಅಜ್ಜಿ ಕೇಳಿದರೆ, "ನಿಮಗೆ ಉಷ್ಣ ಆಗುತ್ತೆ" ಎಂದು ಮಾತು ಮುಗಿಸುತ್ತಿದ್ದಳು. ಕುಡಿದ ಅರ್ಧ ಗಂಟೆಗೆ ಮಗ ಗೆಲುವಾಗುತ್ತಿದ್ದ. ಹೆಂಡತಿಯ ಕಷಾಯದ ಬಗ್ಗೆ ತಾರೀಕಪ್ಪನಿಗೆ ಗೌರವವೇ ಬಂದಿತು.

ಆಮೇಲೆ ಬಿಸಿನೀರಿನ ಗಲಾಟೆ. ಅಜ್ಜಿಯ ಕಾಲು ಊದಿದ್ದಕ್ಕೆ ಮಗ ಬೋಗುಣಿಯಲ್ಲಿ ಬಿಸಿನೀರು ತರುತ್ತಿದ್ದ. ನಾಲ್ಕು ಹೆಜ್ಜೆಯ ದಾರಿ. ನೀರು ತುಳುಕಿ ತುಳುಕಿ, ಕೊನೆಗೆ ಬೋಗುಣಿಯೇ ಜಾರಿ ಅಜ್ಜಿಯ ಪಾದದ ಮೇಲೆ ಬಿತ್ತು. ಮುದುಕಿ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು.

"ಒಂದು ಪಾತ್ರೆ ನೆಟ್ಟಗೆ ಹಿಡಿಯೋಕೆ ಬರಲ್ವೇನೋ ನಿನಗೆ?" ತಾರೀಕಪ್ಪ ಮಗನ ಹೆಗಲು ಹಿಡಿದು ಅಲುಗಾಡಿಸಿದ. "ಕೆಲಸ ಇಲ್ಲ, ಕಾರ್ಯ ಇಲ್ಲ, ತಿಂದು ಮಲಗೋದು. ಕೈ ಕಾಲಲ್ಲಿ ಶಕ್ತಿ ಎಲ್ಲಿಂದ ಬರುತ್ತೆ!"

"ಬಿಡೋ, ಬೇಕಂತ ಮಾಡಿದ್ನಾ ಅವನು," ಎಂದು ಅಜ್ಜಿ ಅಳುತ್ತಲೇ ಮೊಮ್ಮಗನ ಪರ ವಹಿಸಿದಳು.

ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಅಂಗಡೀಲಿ ದಿನಾ ಅಷ್ಟು ಜನರ ಕೈ ನೋಡ್ತೀಯಲ್ಲ, ಮನೇಲಿ ಒಂದ್ಸಲ..."

"ಬಾಯ್ಮುಚ್ಚೇ!" ಎಂದಳು ಹೆಂಡತಿ. ಅಂಥ ಧ್ವನಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಹೋಗಿ ಮುಲಾಮು ತಗೊಂಡು ಬಾ. ನಿಂತ್ಕೊಂಡು ಭಾಷಣ ಮಾಡ್ಬೇಡ."

ಮಗಳು ಮುಲಾಮು ತಂದಳು. ತಾರೀಕಪ್ಪ ಆ ಅರ್ಧ ಮಾತನ್ನು ಪೂರ್ತಿ ಮಾಡಿಸಲಿಲ್ಲ. ಅವನಿಗೆ ಅಂಗಡಿಗೆ ಹೊತ್ತಾಗಿತ್ತು.

ಮಸೂದೆ ಪಾಸಾಯಿತು. ಬರುವ ಒಂದನೇ ತಾರೀಕಿನಿಂದ ಹದಿನೆಂಟು. ಮಾಲೀಕ ಹೊಸ ಬೋರ್ಡು ಮಾಡಿಸಿ ತಂದು, ಹಳೆಯದನ್ನು ಬಿಚ್ಚಲು ತಾರೀಕಪ್ಪನಿಗೇ ಹೇಳಿದ. ಮೊಳೆಗಳು ತುಕ್ಕು ಹಿಡಿದಿದ್ದವು. ಅವನು ಅದನ್ನು ಬಿಚ್ಚಿ, ಎಸೆಯಲು ಮನಸ್ಸಾಗದೆ, ಮನೆಗೆ ಹೊತ್ತು ತಂದ. ಹೆಂಡತಿ ಅದನ್ನು ಇಸ್ತ್ರಿ ಮೇಜಿನ ಹಿಂದೆ ಒರಗಿಸಿಟ್ಟಳು. ಅವಳ ಮುಖದಲ್ಲಿ ಏನೋ ನಿರಾಳ ಕಂಡು ಅವನಿಗೆ ಮೈ ಉರಿಯಿತು.

ಒಂದನೇ ತಾರೀಕು ಅಂಗಡಿಗೆ ರಿಬ್ಬನ್ ಕಟ್ಟಿದ್ದರು. ಮಾಲೀಕ ಖುದ್ದಾಗಿ ಬಂದು ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಮೊದಲು ಎಂದಿನಂತೆ ಬೆಳಗಿನ ಗಿರಾಕಿಗಳು. ಕ್ಷೌರದವನು, ಡ್ರೈವರು, ಮೇಷ್ಟ್ರು. ಕಟಕ್, ಕಟಕ್, ಕಟಕ್. ಅವರ ಹಿಂದೆ ಕಾಲೇಜಿನ ಹುಡುಗರ ಸಾಲು, ಸೆಲ್ಫಿ, ಕೇಕೆ. ಆ ಎರಡು ಗುಂಪಿನ ನಡುವೆ, ಮೇಷ್ಟ್ರ ಬೆನ್ನಿಗೇ, ಯಾರ ಜೊತೆಯೂ ಇಲ್ಲದೆ ಅವನ ಮಗ ನಿಂತಿದ್ದ.

ಕಿಟಕಿಯ ಒಳಗೆ ಕಾರ್ಡು ಬಂತು, ಮೇಲೊಂದು ನೋಟು.

"ಒಂದು ಕ್ವಾರ್ಟರ್."

"ಮನೆಗೆ ಹೋಗು," ಎಂದ ತಾರೀಕಪ್ಪ ಪಿಸುದನಿಯಲ್ಲಿ.

"ಕಾರ್ಡ್ ನೋಡು."

"ಮನೆಗೆ ಹೋಗು ಅಂದೆ."

"ಕಾನೂನು ಹೇಳಿದ್ಮೇಲೆ ಮುಗೀತು ಅಂತ ನೀನೇ ಹೇಳ್ತಿದ್ದೆ. ಈಗ ಕಾನೂನು ಹೇಳಿದೆ. ಬೇಗ ಕೊಡಪ್ಪ. ನಿಂತ್ಕೊಳ್ಳೋಕೆ ಆಗ್ತಿಲ್ಲ."

"ಏನ್ರೀ ಅದು?" ಮಾಲೀಕ ಕತ್ತು ಚಾಚಿದ. "ಕಾರ್ಡ್ ಸರಿ ಇದೆ ತಾನೆ? ಯಾರ್ರೀ ಅವನು, ಕ್ಯೂ ನಿಂತೋಗಿದೆ?"

ನನ್ನ ಮಗ ಎಂದು ಹೇಳಬೇಕಿತ್ತು. ನಾಲ್ಕೇ ಅಕ್ಷರದ ಮಾತು. ಇಪ್ಪತ್ತೆರಡು ವರ್ಷ ಊರ ಮಕ್ಕಳನ್ನೆಲ್ಲ ವಾಪಸು ಕಳಿಸಿದವನ ನಾಲಿಗೆ ಆ ಮಾತಿಗೆ ಏಳಲಿಲ್ಲ. ಸಾಲಿನಲ್ಲಿ ಪರಿಚಯದ ಮುಖಗಳಿದ್ದವು. "ಸರಿ ಇದೆ ಸಾರ್," ಎಂದು ಅವನು ಕಪಾಟಿನಿಂದ ಬಾಟಲಿ ತೆಗೆದು ಮುಂದೆ ಇಟ್ಟ.

ಮಗ ಅಲ್ಲೇ ಮುಚ್ಚಳಕ್ಕೆ ಕೈ ಹಾಕಿದ. ಬೆರಳು ಜಾರಿತು. ಮತ್ತೆ ಹಿಡಿದ. ಬಾಟಲಿ ಕೌಂಟರಿನ ಕಲ್ಲಿಗೆ ಟಕಟಕ ಬಡಿಯಿತು. ಎರಡೂ ಕೈ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಮೇಷ್ಟ್ರ ಕೈಗಿಂತ ಹೆಚ್ಚಾಗಿ ನಡುಗುತ್ತಿದ್ದವು. ಅವನು ಬಾಟಲಿಯನ್ನು ಬಾಯಿಯ ಹತ್ತಿರ ಒಯ್ದ, ಹಲ್ಲು ಹಾಕಲು.

ತಾರೀಕಪ್ಪ ಅದನ್ನು ಕಸಿದುಕೊಂಡು, ಕಟಕ್ಕೆಂದು ಮುಚ್ಚಳ ಮುರಿದು, ಸಡಿಲ ಮಾಡಿ, ವಾಪಸು ಕೊಟ್ಟ.

ಕೊಟ್ಟ ಮೇಲೆ ತಿಳಿಯಿತು ಏನು ಮಾಡಿದೆನೆಂದು. ಗುಂಡಿ, ಟಿಚ್ ಬಟನ್, ಬೋಗುಣಿ, ಲವಂಗದ ಕಷಾಯ ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಹೊಡೆದವು. ಅವನು ಸ್ಟೂಲಿನಿಂದ ಇಳಿದು, ಮಾಲೀಕ "ಎಲ್ಲಿಗ್ರೀ? ರೀ!" ಎಂದು ಕೂಗುತ್ತಿದ್ದಂತೆ, ಹಿಂಬಾಗಿಲಿನಿಂದ ಹೊರಗೆ ಓಡಿದ.

ಮಗ ಗೋಡೆಗೆ ಒರಗಿ, ಮೇಷ್ಟ್ರ ಪಕ್ಕದಲ್ಲಿ, ಅರ್ಧ ಬಾಟಲಿ ಮುಗಿಸಿದ್ದ. ಕೈಯ ನಡುಕ ಆಗಲೇ ನಿಂತಿತ್ತು. ತಾರೀಕಪ್ಪ ಉಳಿದದ್ದನ್ನು ಕಿತ್ತುಕೊಂಡು ಮುಚ್ಚಳ ಬಿಗಿದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ರಟ್ಟೆ ಹಿಡಿದು ಎರಡು ಅಂಗಡಿ ದಾಟುವಷ್ಟರಲ್ಲಿ ಎದುರಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. ಹೆಗಲಲ್ಲಿ ಚೀಲ, ಚೀಲದಿಂದ ಟವೆಲ್ಲು, ತಟ್ಟೆ, ಲೋಟ ಇಣುಕುತ್ತಿದ್ದವು.

"ಸಿಕ್ಕಿದ್ನಾ! ಸ್ನಾನಕ್ಕೆ ಹೋಗ್ತೀನಿ ಅಂದೋನು ಹಿತ್ತಲಿಂದ ಹಾರ್ಕೊಂಡು ಬಂದ. ಎಲ್ಲಿದ್ದ?"

"ಇಲ್ಲೇ. ಬೀದೀಲಿ," ಎಂದ ತಾರೀಕಪ್ಪ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳು ಎಲ್ಲ ಹೇಳಿದಳು. ಕಷಾಯದ ಲೋಟದಲ್ಲಿ ಏನಿತ್ತೆಂದು ಹೇಳಿದಳು. ದೂರದ ಬೀದಿಯ ಅಂಗಡಿಯಿಂದ ಮುಖದ ತುಂಬ ಸೆರಗು ಹೊದ್ದು ತಾನೇ ಕೊಂಡು ತರುತ್ತಿದ್ದುದನ್ನು ಹೇಳಿದಳು. ಒಮ್ಮೆ ಪೂರ್ತಿ ನಿಲ್ಲಿಸಿದಾಗ ಮಗ ಬಚ್ಚಲಲ್ಲಿ ಬಿದ್ದು, ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದುಕೊಂಡದ್ದನ್ನು ಹೇಳಿದಳು.

"ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಏನಾಗಿತ್ತು ನಿನಗೆ?"

"ಬಾಗಿಲ ತನಕ ಹೋಗಿದ್ದೆ. ಇಪ್ಪತ್ತೊಂದರ ಒಳಗಿನೋರು ಕುಡಿದು ಬಂದ್ರೆ ಪೊಲೀಸಿಗೆ ತಿಳಿಸ್ತೀವಿ, ಕೊಟ್ಟೋರ ಮೇಲೆ ಕೇಸು ಅಂತ ಗೋಡೆ ಮೇಲೆ ಇಷ್ಟು ದಪ್ಪ ಬರ್ದಿತ್ತು. ಕೌಂಟರ್‌ನೋನ ಮಗ ಅಂದ್ರೆ ನಿನ್ನ ಕೆಲಸ ಉಳೀತಿತ್ತಾ? ಒಂದನೇ ತಾರೀಕು ಆಗ್ಲಿ, ಆಮೇಲೆ ಕೇಳೋರಿಲ್ಲ ಅಂತ ದಿನ ಎಣಿಸ್ತಾ ಕೂತಿದ್ದೆ."

"ಅದಕ್ಕೆ ನೀನೇ ಹುಯ್ದು ಕೊಟ್ಟೆ! ಹೆತ್ತೋಳು! ಸ್ವಂತ ಕೈಯಾರೆ ಲೋಟಕ್ಕೆ ಹಾಕಿ ಕೊಟ್ಟೆ!" ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನಿಗೆ ನಿಲ್ಲಿಸಲು ಆಗಲಿಲ್ಲ. "ಊರವರ ಮಕ್ಕಳಿಗೆ ನಾನು ಕೊಡಲಿಲ್ಲ ಕಣೇ, ಇಪ್ಪತ್ತೆರಡು ವರ್ಷ! ನನ್ನ ಮಗನಿಗೆ ನೀನು ಕೊಟ್ಟೆ!"

ಅವಳು ಚೀಲವನ್ನು ಅಪ್ಪಿಕೊಂಡು ಕೂತಳು. ಮಗ ಕಿಟಕಿಯ ಕಡೆಯಿಂದ ಅಪ್ಪನನ್ನೊಮ್ಮೆ ನೋಡಿದ. ಜೇಬಿನಲ್ಲಿದ್ದ ಬಾಟಲಿ ತಾರೀಕಪ್ಪನ ತೊಡೆಗೆ ಒತ್ತುತ್ತಿತ್ತು.

ಆಸ್ಪತ್ರೆಯ ಆ ಗೋಡೆಯ ಮೇಲೆ ಬರಹ ಇನ್ನೂ ಹಾಗೇ ಇತ್ತು. ಇಪ್ಪತ್ತೊಂದರ ಮೇಲೆ ಯಾರೋ ಕಾಗದ ಅಂಟಿಸಿ ಹದಿನೆಂಟು ಎಂದು ಬರೆದಿದ್ದರು. ಮೇಜಿನ ಹಿಂದೆ ನರ್ಸ್ ಒಬ್ಬಳು ಫಾರಂ ತುಂಬುತ್ತಿದ್ದಳು.

"ಹುಟ್ಟಿದ ತಾರೀಕು?"

ತಾರೀಕಪ್ಪ ಥಟ್ಟನೆ ಹೇಳಿದ.

"ಕುಡಿಯೋಕೆ ಶುರು ಮಾಡಿದ್ದು ಯಾವಾಗಿಂದ?"

ಅವನು ಬಾಯಿ ತೆರೆದ. ಗೊತ್ತಿರಲಿಲ್ಲ. ನರ್ಸ್ ಪೆನ್ನು ಹಿಡಿದು ಕಾದಳು.

"ಹದಿನಾರು ತುಂಬಿದ ವರ್ಷ," ಎಂದಳು ಹೆಂಡತಿ. "ದಿನಾ ಅಂತ ಆಗಿದ್ದು ಈಗ ಒಂದೂವರೆ ವರ್ಷದಿಂದ."

"ಕೊನೇ ಸಲ ಕುಡಿದಿದ್ದು?"

"ನಿನ್ನೆ ಸಂಜೆ, ನಾನೇ ಕೊಟ್ಟಿದ್ದು. ಇವತ್ತು ಏನೂ ಇಲ್ಲ."

ನರ್ಸ್ ಮಗನ ಮುಖ ನೋಡಿದಳು, ಕೈ ನೋಡಿದಳು. "ಇವತ್ತು ಏನೂ ಇಲ್ಲದೆ ಕೈ ಇಷ್ಟು ಸುಮ್ನೆ ಇರಲ್ಲಮ್ಮ. ನಿಜ ಹೇಳಿ. ಇದನ್ನ ನೋಡ್ಕೊಂಡು ಡಾಕ್ಟರು ಇಂಜೆಕ್ಷನ್ ಲೆಕ್ಕ ಹಾಕ್ತಾರೆ. ಹೆಚ್ಚು ಕಮ್ಮಿ ಆದ್ರೆ ಉಸಿರಿಗೇ ಬರುತ್ತೆ."

"ಬೆಳಿಗ್ಗೆ ಸ್ವಲ್ಪ ಕುಡಿದೆ," ಎಂದ ಮಗ. "ಸೇತುವೆ ಹತ್ರ. ಫ್ರೆಂಡ್ ಒಬ್ಬ ಕೊಟ್ಟ."

"ಎಷ್ಟು?"

"ನೆನಪಿಲ್ಲ."

ಅವನು ಅಪ್ಪನ ಕಡೆ ನೋಡಲಿಲ್ಲ. ಅಪ್ಪನನ್ನು ಉಳಿಸುತ್ತಿದ್ದ. ಹೆಂಡತಿ ಹಣೆ ಹಣೆ ಚಚ್ಚಿಕೊಂಡು, "ಯಾವನೋ ಅವನು? ಯಾವ ಮನೆಹಾಳ ಕೊಟ್ಟ? ಹೇಳೋ!" ಎಂದು ಮಗನ ತೋಳು ಹಿಡಿದು ಜಗ್ಗಿದಳು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ತಾರೀಕಪ್ಪನಿಗೆ ತುಂಬ ಮನಸ್ಸಿತ್ತು. ನರ್ಸಿನ ಪೆನ್ನು ಕಾಗದಕ್ಕೆ ತಾಗುವ ತನಕ ಅವನು ಸುಮ್ಮನೇ ಇದ್ದ. ಆಮೇಲೆ ಜೇಬಿಗೆ ಕೈ ಹಾಕಿ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟ. ಅರ್ಧಕ್ಕಿಂತ ಸ್ವಲ್ಪ ಕೆಳಗಿತ್ತು.

"ಹತ್ತೂ ಕಾಲಿಗೆ," ಎಂದ. "ಇದರಲ್ಲಿ ಎಷ್ಟು ಕಮ್ಮಿ ಇದೆಯೋ ಅಷ್ಟು. ಕೊಟ್ಟೋನು ನಾನು. ಮುಚ್ಚಳ ತೆಗ್ದು ಕೊಟ್ಟೋನೂ ನಾನೇ."

ನರ್ಸ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಫಾರಂನಲ್ಲಿ ಬರೆದುಕೊಂಡಳು. ಹೆಂಡತಿಯ ಕೈ ಮಗನ ತೋಳಿನಿಂದ ಜಾರಿತು. ಬಸ್ಸಿನಲ್ಲಿ ಅವನು ಆಡಿದ ಮಾತುಗಳಿಗೆಲ್ಲ ಅವಳು ಈಗ ಉತ್ತರ ಕೊಡಬಹುದಿತ್ತು. ಅವಳು ಬೆಂಚಿನ ಮೇಲೆ ಗಂಡನಿಗೆ ಕೂರಲು ಜಾಗವಾಗುವಂತೆ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಅಂಗಿ ಬಿಚ್ಚಿ ಒಳಗೆ ಬಾಪ್ಪ," ಎಂದಳು ನರ್ಸ್ ಮಗನಿಗೆ.

ಟಿಚ್ ಬಟನ್‌ಗಳು ಒಂದೊಂದಾಗಿ ಕಳಚಿದವು. ಎಲ್ಲಕ್ಕೂ ಅದೇ ಕಟಕ್ ಸದ್ದು. ತಾರೀಕಪ್ಪ ಕೂರದೆ, ಮಗ ಅಂಗಿ ಕೊಡಲೆಂದು ಕೈ ಚಾಚಿ ನಿಂತಿದ್ದ.